ಕಾಣದಿರುವುದೂ ಇಲ್ಲದಿರುವುದೂ

ಒಂದು ವಸ್ತು ನಮಗೆ ಕಾಣದಿರುವುದು ಬೇರೆ, ಆ ವಸ್ತುವೇ ಇಲ್ಲದಿರುವುದು ಬೇರೆ. ಇದು ಮಕ್ಕಳಿಗೂ ತಿಳಿದ ಮಾತೆಂದು ತೋರಬಹುದು. ಆದರೂ ನಮ್ಮ ಶಾಸ್ತ್ರಕಾರರು ಇದನ್ನು ಕುರಿತು ಶತಮಾನಗಳ ಕಾಲ ವಾದಮಾಡಿದ್ದಾರೆ. 'ನೆಲದ ಮೇಲೆ ಗಡಿಗೆಯಿಲ್ಲ' ಎಂಬ ಜ್ಞಾನವು ನಮಗೆ ಯಾವ ದ್ವಾರದಿಂದ ಬಂದಿತು? ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅದ್ವೈತಿಗಳೂ ಇದಕ್ಕಾಗಿ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ನೈಯಾಯಿಕರು ಪ್ರತ್ಯಕ್ಷದಿಂದಲೇ ಕಾರ್ಯ ಸಾಗುವುದೆಂದರು. ಪಾಠಶಾಲೆಯಲ್ಲಿ ಈ ಭಾಗವನ್ನು ಹೇಳುವಾಗ ನಮ್ಮ ಗುರುಗಳು 'ಯೋಗ್ಯ' ಎಂಬ ಒಂದು ವಿಶೇಷಣವನ್ನು ಮರೆಯಗೊಡುತ್ತಿರಲಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನಬಹುದಾದ ಎಡೆಯಲ್ಲಿ ಮಾತ್ರ, ಕಾಣದಿದ್ದುದರಿಂದ ಇಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬ ಮಾತ್ರಕ್ಕೆ ಗಡಿಗೆಯಿಲ್ಲವೆಂದು ಸಿದ್ಧವಾಗದು.

ಈ ವಿಚಾರದ ಉಪಯೋಗವನ್ನು ನಾನು ಕಂಡದ್ದು ಹೆದ್ದಾರಿಯ ಸಂಬಂಧದಲ್ಲಿ. ನಾಲ್ಕು ವರ್ಷಗಳ ಕೆಳಗೆ ನನ್ನ ಹಳೆಯ ಶಿಷ್ಯನೊಬ್ಬನು ಮೋಟಾರು ಸೈಕಲ್ಲಿನ ಮೇಲೆ ಊರಿಗೆ ಬರುತ್ತಿದ್ದನು. ಅವನ ಎಡಪಕ್ಕದಲ್ಲಿದ್ದ ಕಾರೊಂದು ಮುಂದಿನ ಲಾರಿಯನ್ನು ಹಿಂದಿಕ್ಕಲೆಂದು ಬಲಕ್ಕೆ ಸರಿದು ಅವನನ್ನು ಕೆಡವಿತು. ತೊಡೆಯ ಮೂಳೆ ಮುರಿದು ಐದು ತಿಂಗಳು ಮಲಗಿದನು, ಇಂದಿಗೂ ಕುಂಟುತ್ತಾನೆ. ನಾನು ಅವನನ್ನು ನೋಡಹೋದ ದಿನ ಆ ಕಾರಿನವರೂ ಅಲ್ಲಿ ಕುಳಿತಿದ್ದರು. ಮರ್ಯಾದಸ್ಥರು. "ಕನ್ನಡಿ ನೋಡಿಯೇ ತಿರುಗಿಸಿದೆ ಮೇಷ್ಟ್ರೇ, ಯಾರೂ ಇರಲಿಲ್ಲ" ಎಂದು ಕಣ್ಣೀರು ತುಂಬಿಕೊಂಡು ಹೇಳಿದರು. ಅವರು ಸುಳ್ಳಾಡುತ್ತಿದ್ದರೆಂದು ನನಗೆ ತೋರಲಿಲ್ಲ. ಆದರೆ 'ಯಾರೂ ಕಾಣಲಿಲ್ಲ' ಎನ್ನಬೇಕಾದಲ್ಲಿ 'ಯಾರೂ ಇರಲಿಲ್ಲ' ಎಂದಿದ್ದರು. ಆ ಎರಡು ಮಾತುಗಳ ನಡುವಣ ಅಂತರದಲ್ಲಿ ನನ್ನ ಶಿಷ್ಯನಿದ್ದನು.

ನಿವೃತ್ತನಾದ ಮೇಲೆ ಕಾರು ನಡೆಸಲು ಕಲಿತಿದ್ದ ನನಗೆ ಈ ಅಂತರವನ್ನು ಅಳೆದು ನೋಡಬೇಕೆನಿಸಿತು. ಕಾರಿಗೆ ಕನ್ನಡಿಗಳು ಮೂರು: ಒಳಗೊಂದು, ಹೊರಗೆ ಎರಡು. ನಮ್ಮಲ್ಲಿ ಬಹುಮಂದಿ ಹೊರಗಿನ ಕನ್ನಡಿಗಳನ್ನು ತಮ್ಮ ಕಾರಿನ ಮಗ್ಗುಲು ಚೆನ್ನಾಗಿ ಕಾಣುವಂತೆ ಒಳಮುಖವಾಗಿ ಇಟ್ಟುಕೊಳ್ಳುತ್ತಾರೆ. ಆಗ ಅವು ತೋರಿಸುವುದರಲ್ಲಿ ಬಹುಭಾಗವು ಒಳಗಿನ ಕನ್ನಡಿ ಆಗಲೇ ತೋರಿಸಿದ ಹಿಂದಿನ ರಸ್ತೆಯೇ. ಮೂರು ಕನ್ನಡಿಗಳೂ ಒಂದೇ ಪಾಠವನ್ನು ಒಪ್ಪಿಸುತ್ತವೆ. ಕಾರಿನ ಹಿಂಬದಿಯ ಇಕ್ಕೆಲಗಳು ಯಾವುದರಲ್ಲಿಯೂ ಬೀಳುವುದಿಲ್ಲ. ಬ್ಲೈಂಡ್ ಸ್ಪಾಟ್ ಎಂದು ಕರೆಯುವ ಕುರುಡು ತಾವು ಇದೇ.

ಇದರ ಪರಿಹಾರವನ್ನು ಅಮೆರಿಕದ ಜಾರ್ಜ್ ಪ್ಲಾಟ್ಜರ್ ಎಂಬುವರು 1995ರಲ್ಲಿ ಅಲ್ಲಿಯ ಮೋಟಾರು ಎಂಜಿನಿಯರುಗಳ ಸಂಘಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ವಿವರಿಸಿದರು. ಅಲ್ಲಿ ಚಾಲಕನು ಎಡಗಡೆ ಕೂರುವನು. ನಮ್ಮ ದೇಶಕ್ಕೆ ತಕ್ಕಂತೆ ಹೇಳುವುದಾದರೆ ಕ್ರಮವು ಹೀಗೆ. ಮೊದಲು ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿಯಾಗಿ ಕಾಣುವಂತೆ ಇಡಬೇಕು. ಬಳಿಕ, ನಿಂತ ಕಾರಿನಲ್ಲಿ ತಲೆಯನ್ನು ಬಲಗಡೆಯ ಕಿಟಕಿಯ ಗಾಜಿಗೆ ತಾಗುವಷ್ಟು ವಾಲಿಸಿ, ಕಾರಿನ ಮಗ್ಗುಲು ಅಂಚಿನಲ್ಲಿ ಆಗಷ್ಟೇ ಕಾಣುವವರೆಗೆ ಬಲಗನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ಆಮೇಲೆ ತಲೆಯನ್ನು ಎರಡು ಆಸನಗಳ ನಡುವಿಗೆ ತಂದು ಎಡಗನ್ನಡಿಯನ್ನೂ ಹಾಗೆಯೇ ಹೊಂದಿಸಬೇಕು. ನೆಟ್ಟಗೆ ಕುಳಿತರೆ ಈಗ ನಮ್ಮ ಕಾರು ಯಾವ ಪಕ್ಕದಲ್ಲಿಯೂ ಕಾಣುವುದಿಲ್ಲ. ಕನ್ನಡಿಯನ್ನು ಒಂದು ಅಂಶ ತಿರುಗಿಸಿದರೆ ದೃಷ್ಟಿರೇಖೆಯು ಎರಡು ಅಂಶ ತಿರುಗುವುದರಿಂದ ಅಲ್ಪ ಚಲನೆಯೇ ಬಹಳ ಫಲವನ್ನು ಕೊಡುತ್ತದೆ.

ಇದಕ್ಕೆ ಪರೀಕ್ಷೆಯೂ ಉಂಟು. ಬಲಗಡೆಯಿಂದ ನಮ್ಮನ್ನು ದಾಟುವ ವಾಹನವು ಒಳಗಿನ ಕನ್ನಡಿಯಿಂದ ಪೂರ್ತಿ ಮರೆಯಾಗುವ ಮೊದಲೇ ಬಲಗನ್ನಡಿಯಲ್ಲಿ ಮೂಡಬೇಕು. ಅಲ್ಲಿಂದ ಮರೆಯಾಗುವ ಮೊದಲೇ ನಮ್ಮ ಕಡೆಗಣ್ಣಿಗೆ ಬೀಳಬೇಕು. ಮನೆಯ ಮುಂದೆ ಕಾರನ್ನು ನಿಲ್ಲಿಸಿ, ಮೊಮ್ಮಗನನ್ನು ಅದರ ಸುತ್ತ ದೂರದಿಂದ ನಡೆಸಿ ನಾನು ಇದನ್ನು ನೋಡಿದೆನು. ಹಳೆಯ ಕ್ರಮದಲ್ಲಿ ಅವನು ಏಳೆಂಟು ಹೆಜ್ಜೆಗಳ ಕಾಲ ಇಲ್ಲವೇ ಆದನು. ಹೊಸ ಕ್ರಮದಲ್ಲಿ ಒಂದೆರಡು ಹೆಜ್ಜೆಗಳ ಕಾಲ ಮಾತ್ರ. ಮೊದಮೊದಲು ನಮ್ಮ ಕಾರೇ ಕಾಣದಿದ್ದುದು ಮನಸ್ಸಿಗೆ ಇರುಸುಮುರುಸಾಯಿತು. ಆದರೆ ನಮ್ಮ ಕಾರು ಎಲ್ಲಿದೆಯೆಂಬುದು ಕನ್ನಡಿಯಿಲ್ಲದೆಯೂ ನಮಗೆ ಗೊತ್ತು. ತಿಳಿಯಬೇಕಾದದ್ದು ಇತರರು ಎಲ್ಲಿರುವರೆಂಬುದು.

ಇದರಿಂದ ಸರ್ವವೂ ಗೋಚರವಾಯಿತೆಂದು ವಾಚಕರು ಭಾವಿಸಬಾರದು. ಹೊರಗಿನ ಕನ್ನಡಿಗಳು ಸಾಮಾನ್ಯವಾಗಿ ಪೀನ ದರ್ಪಣಗಳು. ಹತ್ತಿರದ ವಾಹನವನ್ನು ಚಿಕ್ಕದಾಗಿಸಿ ದೂರದಲ್ಲಿರುವಂತೆ ತೋರಿಸುತ್ತವೆ. ಹಿಂದಿನ ಗಾಜಿನ ಮುಂದೆ ಸಾಮಾನು ಪೇರಿಸಿದರೆ ಒಳಗಿನ ಕನ್ನಡಿಯಿದ್ದೂ ಇಲ್ಲದಂತೆ. ನಮ್ಮ ಊರುಗಳಲ್ಲಿ ಎಡಗಡೆಯಿಂದಲೂ ನುಸುಳುವ ದ್ವಿಚಕ್ರ ವಾಹನಗಳು ಉಳಿದ ಕಿರಿದಾದ ಎಡೆಯಲ್ಲಿಯೂ ಅಡಗಬಲ್ಲವು. ಆದ್ದರಿಂದ ಪಕ್ಕಕ್ಕೆ ಸರಿಯುವ ಮೊದಲು ದೀಪದ ಸನ್ನೆ ಕೊಟ್ಟು, ಹೆಗಲ ಮೇಲಿಂದ ಒಮ್ಮೆ ಕಣ್ಣು ಹಾಯಿಸುವುದು ತಪ್ಪದು. 1911ರಲ್ಲಿ ಇಂಡಿಯಾನಾಪೊಲಿಸ್ ನಗರದ ಪಂದ್ಯದಲ್ಲಿ ಇತರರು ಹಿಂದೆ ನೋಡಲು ಜೊತೆಗಾರನನ್ನು ಕೂರಿಸಿಕೊಂಡಿದ್ದಾಗ, ರೇ ಹ್ಯಾರೋನ್ ಎಂಬವನು ಕನ್ನಡಿಯೊಂದನ್ನು ಕಟ್ಟಿಕೊಂಡು ಒಬ್ಬನೇ ಹೋಗಿ ಗೆದ್ದನು. ಇಟ್ಟಿಗೆಯ ಹಾದಿಯಲ್ಲಿ ಕನ್ನಡಿ ಅದುರಿ ಏನೂ ಕಾಣಲಿಲ್ಲವೆಂದು ಅವನೇ ಮುಂದೆ ಹೇಳಿದನೆಂದು ಪ್ರಸಿದ್ಧಿಯಿದೆ. ಕನ್ನಡಿಯಿರುವುದು ಬೇರೆ, ಅದು ಯೋಗ್ಯವಾಗಿರುವುದು ಬೇರೆ.

ಒಂದೇ ಕಾರನ್ನು ತಂದೆ, ಮಗಳು, ಅಳಿಯ ಎಲ್ಲರೂ ನಡೆಸುವ ಮನೆಗಳು ಈಗ ಹಲವು. ಒಬ್ಬರ ಎತ್ತರಕ್ಕೆ ಹೊಂದಿಸಿದ ಕನ್ನಡಿ ಇನ್ನೊಬ್ಬರಿಗೆ ಕುರುಡು. ಆದುದರಿಂದ ಬೀಗದ ಕೈ ತಿರುಗಿಸುವ ಮೊದಲು ಮೂರು ಕನ್ನಡಿಗಳನ್ನೂ ಹೊಂದಿಸಿಕೊಳ್ಳುವ ಅಭ್ಯಾಸವನ್ನು ಮನೆಯವರೆಲ್ಲ ಇಟ್ಟುಕೊಳ್ಳುವುದು ಲೇಸು. ಅದಕ್ಕೆ ಒಂದು ನಿಮಿಷವೂ ಬೇಡ.