ಧಾರಕ ಪ್ರಸಂಗ

ಬೆಂಗಳೂರಿನ ಮನೆಗೆ ಬೀಸಣಿಗೆಯೇ ಅನಾವಶ್ಯಕವೆಂದು ಹಿರಿಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ ಕುಳಿತ ಊರಿಗೆ ಬೇಸಗೆಯೆಂಬುದು ನಾಲ್ಕು ದಿನದ ಅತಿಥಿ. ಐದನೆಯ ದಿನ ಸಂಜೆ ಗುಡುಗಿ ಮಳೆ ಸುರಿದರೆ ಅತಿಥಿ ಗಂಟುಮೂಟೆ ಕಟ್ಟಿದನೆಂದೇ ಅರ್ಥ. 2016ರ ಏಪ್ರಿಲಿನಲ್ಲಿ ಉಷ್ಣಮಾಪಕವು 39.2 ಡಿಗ್ರಿ ಸೆಲ್ಷಿಯಸ್ಸನ್ನು ಮುಟ್ಟಿದಾಗ ಆ ಹೆಮ್ಮೆಯೂ ಸ್ವಲ್ಪ ಬೆವರಿತು. ಇನ್ನು ಪೀಣ್ಯದ ಮಾತನ್ನು ಕೇಳಬೇಕೆ? 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡ ಈ ನೆಲದಲ್ಲಿ ಮರದ ನೆರಳಿಗಿಂತ ತಗಡಿನ ಛಾವಣಿಯ ಕಾವೇ ಹೆಚ್ಚು. 2014ರಿಂದ ಓಡಾಡುತ್ತಿರುವ ಮೆಟ್ರೋ ರೈಲಿನ ಕಿಟಕಿಯಿಂದ ನೋಡಿದವರಿಗೆ ಆ ಛಾವಣಿಗಳ ಮೇಲೆ ಬಿಸಿಲು ಕುಣಿಯುವುದು ಕಾಣುತ್ತದೆ. ಕೆಳಗೆ ದುಡಿಯುವವರಿಗೆ ಅದು ಕಾಣಬೇಕಾದ ಅಗತ್ಯವಿಲ್ಲ.

ಇಂಥ ಪೀಣ್ಯದ ಲೇತ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ಕೈ ಪಳಗಿಸಿಕೊಂಡ ಫೋರ್ಮನ್ನರೊಬ್ಬರು ಸಮೀಪದಲ್ಲಿಯೇ ಮನೆ ಮಾಡಿಕೊಂಡಿದ್ದಾರೆ. ಹತ್ತು ಅಶ್ವಶಕ್ತಿಯ ಮೋಟಾರು ಮುನಿಸಿಕೊಂಡರೆ ಅದರ ಸದ್ದು ಕೇಳಿಯೇ ರೋಗವನ್ನು ಹೇಳಬಲ್ಲರು. ಆದರೆ ಮನೆಯ ಯಂತ್ರ ಕೆಟ್ಟಾಗ ಇಂಥವರೂ ಕೈಕಟ್ಟಿ ಕುಳಿತು ಕಂಪನಿಗೆ ಫೋನು ಮಾಡುವುದು ಈಚಿನ ಪದ್ಧತಿ. ಕಾರ್ಖಾನೆಯ ಬಾಗಿಲು ದಾಟಿದೊಡನೆ ಕೈಯ ವಿದ್ಯೆ ಅಲ್ಲಿಯೇ ಉಳಿದುಬಿಡುವುದು ವಿಚಿತ್ರವಾದರೂ ನಿಜ.

ಅವರ ಮನೆಯ ಮೇಲ್ಮಹಡಿಯ ಕೋಣೆಯಲ್ಲಿ 82 ವರ್ಷದ ತಾಯಿ ಇದ್ದಾರೆ. ಉಬ್ಬಸದ ಶರೀರ. ಸೆಕೆಯಲ್ಲಿ ಇಡಬೇಡಿ ಎಂದು ವೈದ್ಯರು ಹೇಳಿದ್ದರಿಂದಲೇ ಆ ಕೋಣೆಗೆ ಏ.ಸಿ. ಬಂದದ್ದು. ಏಪ್ರಿಲಿನ ಒಂದು ಗುರುವಾರ ಮಧ್ಯಾಹ್ನ ಆ ಏ.ಸಿ. ಬಿಸಿಗಾಳಿಯನ್ನು ಊದತೊಡಗಿತು. ತಾರಸಿಯ ಮೇಲಿದ್ದ ಹೊರಪೆಟ್ಟಿಗೆಯ ಬಳಿ ಹೋಗಿ ನೋಡಿದರೆ ಫ್ಯಾನು ತಿರುಗುತ್ತಿದೆ. ಒಳಗಿನ ಕಂಪ್ರೆಸ್ಸರು ಮಾತ್ರ ‘ಗುಂಯ್’ ಎಂದು ನರಳಿ, ಕೆಲವು ಕ್ಷಣಗಳಲ್ಲಿ ‘ಟಕ್’ ಎಂದು ಮೌನವಾಗುತ್ತಿದೆ. ಕುಂಭಕರ್ಣನು ಎದ್ದೇಳಲು ಮನಸ್ಸು ಮಾಡಿ ಮಗ್ಗುಲು ಬದಲಾಯಿಸಿ ಮಲಗಿದಂತೆ.

“ಏನೂಂದ್ರೆ, ಅದಕ್ಕೆ ಮಾತ್ರ ಕೈಹಾಕಬೇಡಿ. ಸೋಮವಾರ ಬರುತ್ತಾರಂತೆ,” ಎಂದರು ಗೃಹಿಣಿ.

“ಇವತ್ತು ಗುರುವಾರ. ಸೋಮವಾರದವರೆಗೆ ಉಸಿರು ಬಿಗಿಹಿಡಿದಿರಿ ಅಂತ ಅಮ್ಮನಿಗೆ ಹೇಳಲೇ?”

ಒಳಗಿನಿಂದ ಕೆಮ್ಮು ಕೇಳಿಸಿತು. ಗೃಹಿಣಿ ಮತ್ತೆ ಮಾತನಾಡಲಿಲ್ಲ.

ಆದರೆ ಫೋರ್ಮನ್ನರಿಗೆ ಒಂದು ತೊಡಕಿತ್ತು. ಕಾರ್ಖಾನೆಗೆ ಬರುವ ವಿದ್ಯುತ್ತು ಮೂರು ಫೇಸಿನದು. ಮೂರು ಪ್ರವಾಹಗಳು ಒಂದರ ಹಿಂದೊಂದು ಏರಿ ಇಳಿಯುವುದರಿಂದ ಮೋಟಾರಿನ ಒಳಗಿನ ಕಾಂತಕ್ಷೇತ್ರವು ತಾನಾಗಿಯೇ ಸುತ್ತುತ್ತದೆ. ಅದರ ಬೆನ್ನು ಹಿಡಿದು ಮೋಟಾರೂ ಸುತ್ತುತ್ತದೆ. ಗುಂಡಿ ಒತ್ತಿದರೆ ಸಾಕು. ಈ ಕೋಣೆಗೆ ಬಂದಿದ್ದುದು ಒಂದೇ ಫೇಸು. ಒಂಟಿ ಪ್ರವಾಹದ ಕಾಂತಕ್ಷೇತ್ರವು ಸೆಕೆಂಡಿಗೆ 50 ಆವರ್ತಗಳಂತೆ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತದೆಯೇ ಹೊರತು ಸುತ್ತುವುದಿಲ್ಲ. ಯಾವ ಕಡೆಗೆ ತಿರುಗಬೇಕೆಂದು ತಿಳಿಯದ ಮೋಟಾರು ನಿಂತಲ್ಲಿಯೇ ಗುಂಯ್‌ಗುಟ್ಟಿ ಕಾಯುತ್ತದೆ. ಇದನ್ನು ಪರಿಹರಿಸಲು ಎರಡನೆಯ ಸುರುಳಿಯೊಂದನ್ನು ಸುತ್ತಿ, ಅದರ ದಾರಿಯಲ್ಲಿ ಒಂದು ಸಣ್ಣ ಡಬ್ಬಿಯನ್ನು ಇಡುತ್ತಾರೆ. ಆ ಡಬ್ಬಿ ಅಲ್ಲಿನ ಪ್ರವಾಹವನ್ನು ಸುಮಾರು ಕಾಲು ಆವರ್ತದಷ್ಟು ಮುಂದಕ್ಕೆ ತಳ್ಳುತ್ತದೆ. ಎರಡು ಪ್ರವಾಹಗಳು ಹೆಜ್ಜೆ ತಪ್ಪಿಸಿಕೊಂಡು ನಡೆದವೆಂದರೆ ಕಾಂತಕ್ಷೇತ್ರ ಸುತ್ತಿತೆಂದೇ ಲೆಕ್ಕ. ಪಠ್ಯಪುಸ್ತಕದಲ್ಲಿ ಇದಕ್ಕೆ ಧಾರಕವೆಂದು ಹೆಸರು, ಅಂಗಡಿಯಲ್ಲಿ ಕೆಪಾಸಿಟರ್. ಮನೆಮನೆಯ ಸೀಲಿಂಗ್ ಫ್ಯಾನಿನಲ್ಲಿಯೂ 2.5 ಮೈಕ್ರೋಫ್ಯಾರಡಿನ ಇದರ ಕಿರಿಯ ತಮ್ಮನಿದ್ದಾನೆ.

ಧಾರಕವು ಒಮ್ಮೆಲೇ ಸಾಯುವುದು ಅಪರೂಪ. ಲೋಹದ ಲೇಪವಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಯ ಸುರುಳಿ ಅದರೊಳಗಿರುತ್ತದೆ. ಎಲ್ಲಿಯಾದರೂ ವಿದ್ಯುತ್ತು ಹಾಳೆಯನ್ನು ಭೇದಿಸಿದರೆ ಅಲ್ಲಿನ ಲೇಪವು ಆವಿಯಾಗಿ ಗಾಯವು ತಾನೇ ಮಾಯುತ್ತದೆ. ಆದರೆ ಪ್ರತಿಯೊಂದು ಗಾಯಕ್ಕೂ ಶಕ್ತಿ ಕೂದಲೆಳೆಯಷ್ಟು ಕುಗ್ಗುತ್ತದೆ. ಬಿಸಿಲಿನ ತಾರಸಿಯ ಮೇಲೆ ಗಾಯಗಳೂ ಹೆಚ್ಚು. ಕೊನೆಗೊಂದು ದಿನ ಕಂಪ್ರೆಸ್ಸರನ್ನು ಎಬ್ಬಿಸಲು ಅದರ ಕೈಯಲ್ಲಾಗುವುದಿಲ್ಲ.

ಇದರ ಅಪಾಯವೂ ಸಣ್ಣದಲ್ಲ. ವಿದ್ಯುತ್ತನ್ನು ಕಡಿದರೂ ಧಾರಕದಲ್ಲಿ ಪ್ರಾಣವಿರಬಹುದು. ಶರಶಯ್ಯೆಯ ಮೇಲಿನ ಭೀಷ್ಮನಂತೆ, ಬಿದ್ದಮೇಲೂ ಅದು ತನಗೆ ಬೇಕಾದಾಗಲೇ ಪ್ರಾಣ ಬಿಡತಕ್ಕದ್ದು. ಸಾಧಾರಣವಾಗಿ ತುಂಬಿದ ವಿದ್ಯುತ್ತು ಮೋಟಾರಿನ ಸುರುಳಿಗಳ ಮೂಲಕ ಇಳಿದುಹೋಗುತ್ತದೆ. ಸುರುಳಿ ಎಲ್ಲಿಯಾದರೂ ಕಡಿದಿದ್ದರೆ ಇಳಿಯುವ ದಾರಿಯೇ ಇರುವುದಿಲ್ಲ. ಮುಟ್ಟಿದವನ ಮೈಯೇ ದಾರಿಯಾಗುತ್ತದೆ. 1746ರಲ್ಲಿ ಹಾಲೆಂಡಿನ ಲೈಡನ್ ನಗರದ ಮುಷೆನ್‌ಬ್ರೂಕ್ ಎಂಬ ಪ್ರಾಧ್ಯಾಪಕರು, ನೀರು ತುಂಬಿದ ಸೀಸೆಯಲ್ಲಿ ಕೂಡಿಟ್ಟ ವಿದ್ಯುತ್ತಿನಿಂದ ಹೊಡೆತ ತಿಂದು, ಫ್ರಾನ್ಸಿನ ರಾಜ್ಯವನ್ನೇ ಕೊಟ್ಟರೂ ಇನ್ನೊಮ್ಮೆ ಆ ಪ್ರಯೋಗಕ್ಕೆ ಒಡ್ಡಿಕೊಳ್ಳೆನೆಂಬ ಅರ್ಥದಲ್ಲಿ ಪ್ಯಾರಿಸ್ಸಿಗೆ ಬರೆದರು. ಆ ಸೀಸೆಯೇ ಈ ಡಬ್ಬಿಯ ಮುತ್ತಜ್ಜ.

ಫೋರ್ಮನ್ನರು ಮೊದಲು ಏ.ಸಿ.ಯ ಎಂ.ಸಿ.ಬಿ.ಯನ್ನು, ಅದರ ಮೇಲೆ ಮನೆಯ ಮೇನ್ ಸ್ವಿಚ್ಚನ್ನೂ ಇಳಿಸಿ, ಹೆಂಡತಿಯನ್ನು ಅದರ ಮುಂದೆ ಕಾವಲಿಗೆ ನಿಲ್ಲಿಸಿದರು. ಇದು ಸ್ಕ್ರೂ ತಿರುಗಿಸುವುದಕ್ಕಿಂತ ದೊಡ್ಡ ಕೆಲಸ. ಕತ್ತಲಾಯಿತೆಂದು ಯಾರೋ ಬಂದು ಸ್ವಿಚ್ಚು ಹಾಕಿಬಿಟ್ಟರೆ ಜಾಣತನವೆಲ್ಲ ಅಲ್ಲಿಗೆ ಮುಗಿಯಿತು. ಮುಚ್ಚಳ ತೆಗೆದು, ಟೆಸ್ಟರಿನಿಂದ ಪರೀಕ್ಷಿಸಿ, ತಂತಿಗಳು ಎಲ್ಲೆಲ್ಲಿ ಕೂತಿವೆಯೆಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಡಬ್ಬಿಯ ತಲೆ ಹಪ್ಪಳದಂತೆ ಉಬ್ಬಿತ್ತು. ಹಳೆಯ ಕಾಲದ ತಂತಿಬಲ್ಬೊಂದನ್ನು ಹೋಲ್ಡರಿಗೆ ಹಾಕಿ, ಅದರ ಎರಡು ತಂತಿಗಳನ್ನು ತುದಿಗಳ ಲೋಹಕ್ಕೆ ಬೆರಳು ತಾಗದಂತೆ ಹಿಡಿದು ಡಬ್ಬಿಯ ಎರಡು ಕಡೆಗೂ ಕೆಲವು ಕ್ಷಣ ತಾಗಿಸಿದರು. ಬಲ್ಬು ಒಮ್ಮೆ ಮಿಣುಕಿ ಆರಿತು. ಭೀಷ್ಮನಿಗೆ ಇನ್ನೂ ಪ್ರಾಣವಿತ್ತು! ಸ್ಕ್ರೂಡ್ರೈವರನ್ನೇ ಅಡ್ಡವಿಟ್ಟು ಕಿಡಿ ಹಾರಿಸುವ ಶೂರರೂ ಉಂಟು. ಅವರ ಶೌರ್ಯಕ್ಕೆ ಯಾರೂ ಪದಕ ಕೊಟ್ಟಿಲ್ಲ, ಕೊಡಲೂಬಾರದು.

ಮೋಟಾರು ವೈಂಡಿಂಗ್ ಅಂಗಡಿಗೆ ಪೀಣ್ಯದಲ್ಲಿ ಬರಗಾಲವೆ? ಅಂಗಡಿಯವನು ಹಳೆಯ ಡಬ್ಬಿಯನ್ನು ಮೀಟರಿಗೆ ಹಚ್ಚಿದ. ಮೈಮೇಲೆ ಬರೆದಿದ್ದುದು 45 ಮೈಕ್ರೋಫ್ಯಾರಡ್, ಉಳಿದಿದ್ದುದು 19.

“50ರದ್ದು ಇದೆ, ಕೊಡಲೇ ಸಾರ್? ಇನ್ನೂ ಜೋರಾಗಿ ಓಡುತ್ತೆ.”

“ಬೇಡಪ್ಪ, ಬರೆದಷ್ಟೇ ಕೊಡು.”

ಮೈಕ್ರೋಫ್ಯಾರಡ್ ಬರೆದಷ್ಟೇ ಇರಬೇಕು. ಹೆಚ್ಚಾದರೆ ಸುರುಳಿ ಕಾಯುತ್ತದೆ, ಕಡಮೆಯಾದರೆ ಮೋಟಾರು ಏಳುವುದಿಲ್ಲ. 440 ಎಂದು ಬರೆದಿರುವ ವೋಲ್ಟೇಜು ಮಾತ್ರ ಹೆಚ್ಚಾದರೆ ಚಿಂತೆಯಿಲ್ಲ, ಕಡಮೆಯಾಗಕೂಡದು. ಕೆಲವು ಯಂತ್ರಗಳಲ್ಲಿ ಕಂಪ್ರೆಸ್ಸರಿಗೂ ಫ್ಯಾನಿಗೂ ಸೇರಿ ಮೂರು ತುದಿಗಳ ಒಂದೇ ಡಬ್ಬಿ ಇರುತ್ತದೆ. ಅಲ್ಲಿ ತಂತಿ ಅದಲುಬದಲಾದರೆ ಹೊಸ ಅನಾಹುತ. ಇವರದು ಬೇರೆಬೇರೆಯಾಗಿದ್ದುದು ಪುಣ್ಯ.

ಮನೆಗೆ ಬಂದು, ಚಿತ್ರವನ್ನು ನೋಡಿಕೊಂಡು ತಂತಿಗಳನ್ನು ಬಿಗಿಯಾಗಿ ಕೂಡಿಸಿ, ಪಟ್ಟಿ ಬಿಗಿದು, ಮುಚ್ಚಳ ಮುಚ್ಚಿದರು. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಲಿಲ್ಲ. ಪೆಟ್ಟಿಗೆ ತಾರಸಿಯ ನೆಲದ ಮೇಲಿದ್ದುದರಿಂದ ಇದೆಲ್ಲ ಸಾಧ್ಯವಾಯಿತೆನ್ನಬೇಕು. ಮೂರನೆಯ ಮಹಡಿಯ ಹೊರಗೋಡೆಗೆ ತೂಗುಹಾಕಿದ ಪೆಟ್ಟಿಗೆಗಾಗಿ ಕಿಟಕಿಯಿಂದ ಬಾಗುವವನಿಗೆ ವಿದ್ಯುತ್ತಿನ ಹೊಡೆತವೇ ಬೇಕಾಗಿಲ್ಲ. ಅಂಥಲ್ಲಿ ಸೋಮವಾರದವರೆಗೆ ಕಾಯುವುದೇ ಸರಿ. ತಾಯಿಯನ್ನು ಕೆಳಗಿನ ಕೋಣೆಗೆ ಕರೆತಂದರಾಯಿತು.

ಮೇನ್ ಸ್ವಿಚ್ಚು ಏರಿತು. ಮೂರು ನಿಮಿಷ ಯಂತ್ರ ಸುಮ್ಮನಿತ್ತು. ಅದು ಅದರ ಪದ್ಧತಿ. ಆ ಮೂರು ನಿಮಿಷ ಗೃಹಿಣಿ ಗಂಡನ ಮುಖವನ್ನು ನೋಡಲಿಲ್ಲ. ಬಳಿಕ ಕಂಪ್ರೆಸ್ಸರು ಒಂದೇ ಉಸಿರಿಗೆ ಎದ್ದಿತು. ರಾತ್ರಿ ಹನ್ನೊಂದರ ಹೊತ್ತಿಗೆ ಒಳಗಿನಿಂದ ದನಿ ಬಂದಿತು: “ಮಗೂ, ಆ ಶಾಲು ಎಲ್ಲಿಟ್ಟೆಯೋ?”

ಸುದ್ದಿ ಬೀದಿಗೆ ಹಬ್ಬಲು ಬೆಳಗಾಗುವುದೇ ತಡ. ನೆರೆಮನೆಯವರೂ ತಮ್ಮ ಏ.ಸಿ. ಕೆಟ್ಟಿದೆಯೆಂದು ಕರೆಯಲು ಬಂದರು. ಫೋರ್ಮನ್ನರು ಹೋಗಿ ಪೆಟ್ಟಿಗೆಯ ಮೇಲಿನ ಬರಹವನ್ನು ಓದಿದರು. ಇನ್ವರ್ಟರ್ ಜಾತಿಯದು. ಅದರೊಳಗಿನ ಎಲೆಕ್ಟ್ರಾನಿಕ್ ಹಲಗೆಯು ಮನೆಯ ಒಂದು ಫೇಸಿನಿಂದಲೇ ಕಂಪ್ರೆಸ್ಸರಿಗೆ ಬೇಕಾದ ಮೂರು ಫೇಸನ್ನು ಕಡೆದುಕೊಡುತ್ತದೆ. ಈ ಬಗೆಯ ಡಬ್ಬಿಯೇ ಕಂಪ್ರೆಸ್ಸರಿಗೆ ಬೇಕಿಲ್ಲ. ಆ ಹಲಗೆಯ ಮೇಲೂ ಭೀಷ್ಮರಿದ್ದಾರೆ, ಇನ್ನೂ ಉಗ್ರರು. ಅವರು ಸ್ಕ್ರೂಡ್ರೈವರನ್ನು ಜೇಬಿನಿಂದ ಹೊರಗೇ ತೆಗೆಯಲಿಲ್ಲ.

“ಇದು ನನ್ನ ಕೈಯದಲ್ಲ ಸ್ವಾಮಿ. ಕಂಪನಿಗೇ ಫೋನು ಮಾಡಿ,” ಎಂದು ಹೇಳಿ, ಕೊಟ್ಟ ಕಾಫಿಯನ್ನು ಕುಡಿದು ಕಾರ್ಖಾನೆಗೆ ಹೊರಟರು.