ಬಣ್ಣಕ್ಕೆ ಮುನ್ನ

ಆಟದ ಯಂತ್ರವೆಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಮಕ್ಕಳ ಕಾಲವನ್ನು ಕದಿಯುವ ವಸ್ತುವೆಂಬ ಅಪಕೀರ್ತಿ ಅದಕ್ಕೆ ಅಂಟಿಕೊಂಡಿದೆ. ಆದರೆ ಅಂಗಡಿಯಿಂದ ತಂದ ಯಂತ್ರದ ಮುಂದೆ ಕುಳಿತುಕೊಳ್ಳುವುದು ಒಂದು ಬಗೆ. ಅದನ್ನು ತಾನೇ ಕಟ್ಟುವುದು ಮತ್ತೊಂದು ಬಗೆ. 1977ರಲ್ಲಿ ಅಮೆರಿಕದಲ್ಲಿ ಹೊರಬಂದ ಅಟಾರಿ ಯಂತ್ರವನ್ನು ಟೆಲಿವಿಷನ್ನಿಗೆ ಜೋಡಿಸಿಯೇ ಆಡಬೇಕಾಗಿತ್ತು. ಬೆಂಜಮಿನ್ ಹೆಕೆಂಡಾರ್ನ್ ಎಂಬವರು 2000ದಲ್ಲಿ ಅದರ ಒಡಲನ್ನು ಬಿಚ್ಚಿ, ಕೈಯಲ್ಲಿ ಹಿಡಿದು ಆಡಬಹುದಾದ ಪೆಟ್ಟಿಗೆಯೊಳಗೆ ಕೂಡಿಸಿದರು. 2012ರಲ್ಲಿ ಇಂಗ್ಲೆಂಡಿನಿಂದ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಬಂದ ಮೇಲಂತೂ ಈ ಹವ್ಯಾಸ ವಿದ್ಯಾರ್ಥಿಗಳ ಕೈಗೂ ಎಟುಕಿತು.

ಹುಬ್ಬಳ್ಳಿಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ ಕಾಲೇಜಿನ ಪ್ರದರ್ಶನಕ್ಕೆಂದು ಅಂಥದೊಂದನ್ನು ಕಟ್ಟಿದ. ಅವನ ತಂದೆ ಗ್ಯಾರೇಜೊಂದರಲ್ಲಿ ಲಾರಿ, ಕಾರುಗಳಿಗೆ ಬಣ್ಣ ಹೊಡೆಯುವವರು. ಮಗನಿಗೆ ಆ ಕಸುಬಿನ ವಿಷಯದಲ್ಲಿ ಹೇಳಿಕೊಳ್ಳಲಾಗದ ಒಂದು ಸಂಕೋಚವಿತ್ತು. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ‘ವ್ಯಾಪಾರ’ವೆಂದು ಬರೆದಿದ್ದನು. ತಂತಿ ಬೆಸೆಯುವುದು, ಪರದೆ ಕೂಡಿಸುವುದು, ಇವೇ ವಿದ್ಯೆ. ಹೊರಗಿನ ಪೆಟ್ಟಿಗೆ ಬರಿಯ ಹೊದಿಕೆಯೆಂಬುದು ಅವನ ಎಣಿಕೆ.

ಪೆಟ್ಟಿಗೆಯನ್ನು ಅವನು ತ್ರೀ-ಡಿ ಪ್ರಿಂಟರಿನಲ್ಲಿ ಮಾಡಿಸಿ ತಂದಿದ್ದನು. ಆ ಯಂತ್ರವು ಪ್ಲಾಸ್ಟಿಕ್ಕನ್ನು ಕರಗಿಸಿ ಪದರದ ಮೇಲೆ ಪದರವನ್ನು ಪೇರಿಸುತ್ತದೆ. ಒಂದೊಂದು ಪದರದ ದಪ್ಪ ಸುಮಾರು 0.2 ಮಿಲಿಮೀಟರು, ಆದರೂ ಪೆಟ್ಟಿಗೆಯ ಮೈಯೆಲ್ಲ ಕುಂಟೆ ಹೊಡೆದ ಹೊಲದಂತೆ ಗೆರೆಗೆರೆಯಾಗಿತ್ತು. ಬಣ್ಣ ಬಿದ್ದರೆ ಮುಚ್ಚಿಹೋದೀತೆಂದು ಡಬ್ಬಿಯ ಕೆಂಪು ಬಣ್ಣವನ್ನು ಸಿಂಪಡಿಸಿದ. ಒಣಗಿದ ಬಳಿಕ ನೋಡಿದರೆ ಗೆರೆಗಳು ಮೊದಲಿಗಿಂತ ಸ್ಫುಟವಾಗಿ ಎದ್ದುಕಂಡವು. ರಾತ್ರಿ ಮನೆಗೆ ಬಂದ ತಂದೆ ಅದನ್ನು ಕೈಗೆತ್ತಿಕೊಂಡು ಒಮ್ಮೆ ದೀಪಕ್ಕೆ ಓರೆಯಾಗಿ ಹಿಡಿದರು.

“ತಮ್ಮಾ, ಬಣ್ಣ ಏನೂ ಮುಚ್ಚಂಗಿಲ್ಲ. ಇದ್ದದ್ದನ್ನ ಎತ್ತಿ ತೋರಸ್ತದ” ಎಂದರು.

ಈ ಮಾತು ಗ್ಯಾರೇಜಿನದಷ್ಟೇ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರವಿದ್ಯೆಯ ಪ್ರಕರಣವುಂಟು. ಅಲ್ಲಿಯೂ ಭಿತ್ತಿಯ ಸಂಸ್ಕಾರ ಮೊದಲು, ವರ್ಣ ಆಮೇಲೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ತಯಾರಿಸುವ ವಜ್ರಲೇಪದ ವಿಧಾನವನ್ನೂ ಅರಸನು ಹೇಳಿದ್ದಾನೆ. ಕನ್ನಡದ ‘ನಯ’ವೆಂಬ ಶಬ್ದವೂ ಇಲ್ಲಿ ನೆನಪಾಗತಕ್ಕದ್ದು. ಸಂಸ್ಕೃತದಲ್ಲಿ ಅದು ನೀತಿ, ನಡತೆ. ಕನ್ನಡಿಗರ ಬಾಯಲ್ಲಿ ನುಣುಪೂ ಹೌದು.

ಮರುದಿನದಿಂದ ಕೆಂಪು ಬಣ್ಣವನ್ನು ಉಜ್ಜಿ ತೆಗೆಯುವ ಕೆಲಸ. 120ನೆಯ ನಂಬರಿನ ಉಪ್ಪುಕಾಗದವನ್ನು ಹಿಡಿದು ಮಗ ರಭಸದಿಂದ ಉಜ್ಜಿದ. ಆ ಜಾತಿಯ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿ ಶಾಖಕ್ಕೇ ಮೆತ್ತಗಾಗುವಂಥದು; ತಿಕ್ಕಾಟದ ಬಿಸಿಗೆ ಕರಗಿ ಕಾಗದಕ್ಕೆ ಗಂಟುಗಂಟಾಗಿ ಮೆತ್ತಿಕೊಂಡಿತು. ತಂದೆ ವಾಟರ್ ಪೇಪರನ್ನು ನೀರಿನಲ್ಲಿ ನೆನೆಹಾಕಿ ಕೊಟ್ಟರು. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ನಡುವೆ ಸಂದು ಬಿಟ್ಟಿತ್ತು. ಅದಕ್ಕೆ ಕಾರಿನ ಪುಟ್ಟಿ. ನೂರು ಭಾಗ ಪುಟ್ಟಿಗೆ ಎರಡು ಭಾಗದಷ್ಟು ಗಟ್ಟಿಕಾರಕ ಸಾಕು. ಕಡಮೆಯಾದರೆ ಅದು ಹದವಾಗಿ ಗಟ್ಟಿಯಾಗದು; ಹೆಚ್ಚಾದರೆ ಮುಂದೆ ಬಣ್ಣದೊಳಗಿಂದ ಕಲೆ ಮೇಲೇಳುತ್ತದೆ. ಕಲಸಿದ ಮೇಲೆ ಸಿಗುವ ವ್ಯವಧಾನ ಕೆಲವೇ ನಿಮಿಷ. ಬ್ಯಾಟರಿ ಬದಲಿಸಲು ಪೆಟ್ಟಿಗೆ ತೆರೆಯಬೇಕಷ್ಟೆ. ಆದ್ದರಿಂದ ಒಂದು ಅಂಚಿಗೆ ಪ್ಲಾಸ್ಟಿಕ್ ಟೇಪು ಹಚ್ಚಿ, ಮತ್ತೊಂದಕ್ಕೆ ಮಾತ್ರ ಪುಟ್ಟಿ ಹಿಡಿಯುವಂತೆ ಮಾಡಿದರು. ಇದು ಯಾವ ಪಠ್ಯಪುಸ್ತಕದಲ್ಲಿಯೂ ಮಗನಿಗೆ ಸಿಕ್ಕಿರಲಿಲ್ಲ.

ಉಜ್ಜಿದ್ದು ಸಾಕೆಂದು ತಿಳಿಯುವುದಾದರೂ ಹೇಗೆ? ತಂದೆ ಕಪ್ಪು ಬಣ್ಣವನ್ನು ಧೂಳಿನಂತೆ ತೆಳ್ಳಗೆ ಹಾರಿಸಿ, 400ನೆಯ ನಂಬರಿನ ಕಾಗದದಿಂದ ಮತ್ತೆ ಉಜ್ಜಿಸಿದರು. ಉಬ್ಬಿನ ಮೇಲಿನ ಕಪ್ಪು ಹೋಯಿತು, ತಗ್ಗಿನದು ಉಳಿಯಿತು. ಉಳಿದಲ್ಲಿ ಮತ್ತೆ ಪುಟ್ಟಿ. ಕೊನೆಗೆ ಕಪ್ಪೆಲ್ಲ ಮಾಯವಾದಾಗಲೂ ಅವರಿಗೆ ಸಮಾಧಾನವಾಗಲಿಲ್ಲ. “ಕಣ್ಣ ಮುಚ್ಚು. ಬೆರಳಾಡ್ಸು” ಎಂದರು. ಎಡಮೂಲೆಯಲ್ಲಿ ಕಣ್ಣಿಗೆ ಕಾಣದ ತಗ್ಗೊಂದು ಬೆರಳಿಗೆ ಸಿಕ್ಕಿತು. ಕಣ್ಣಿಗಿಂತ ಬೆರಳು ನಿಷ್ಪಕ್ಷಪಾತಿ. ನಾಲ್ಕು ಸಂಜೆ ಬರಿಯ ಉಜ್ಜುವುದರಲ್ಲಿಯೇ ಕಳೆದವು. ಅಷ್ಟೂ ಶ್ರಮ ಬಣ್ಣದಡಿಯಲ್ಲಿ ಹೂತುಹೋಗತಕ್ಕದ್ದು.

ಬೂದುಬಣ್ಣದ ಪ್ರೈಮರ್ ಒಣಗುವಷ್ಟರಲ್ಲಿ ಮಳೆ ಹಿಡಿಯಿತು. ಪ್ರದರ್ಶನ ಹತ್ತಿರವಾಗುತ್ತಿದ್ದುದರಿಂದ ಮಗನಿಗೆ ಆತುರ. ಹಸಿ ಗಾಳಿಯಲ್ಲಿ ಸಿಂಪಡಿಸಿದರೆ ಬಣ್ಣ ಬಿಳಿಚಿಕೊಳ್ಳುತ್ತದೆಂದು ತಂದೆ ಎರಡು ದಿನ ಡಬ್ಬಿಯನ್ನೇ ಮುಟ್ಟಗೊಡಲಿಲ್ಲ. ಬಿಸಿಲು ಬಿದ್ದ ದಿನ ಗೇಣು ದೂರದಿಂದ, ಪೆಟ್ಟಿಗೆಯ ಆಚೆ ಮೊದಲಿಟ್ಟು ಈಚೆ ಮುಗಿಸುವಂತೆ ಕೈ ಬೀಸಿ, ಮೂರು ತೆಳು ಲೇಪ ಕೊಟ್ಟರು. ಆಮೇಲೆ ಗುಂಡಿಗಳನ್ನು ಕೂಡಿಸಿದರೆ ಎರಡು ಗುಂಡಿಗಳು ಒತ್ತಿದಲ್ಲೇ ಸಿಕ್ಕಿಕೊಂಡವು: ಲೇಪದ ದಪ್ಪಕ್ಕೆ ರಂಧ್ರ ಕಿರಿದಾಗಿತ್ತು. ಅದನ್ನು ಮೊದಲೇ ಲೆಕ್ಕ ಹಾಕಬೇಕಾದವನು ಮಗ. ತಂದೆ ಏನೂ ಅನ್ನದೆ, ಸುತ್ತಿದ ಕಾಗದದಿಂದ ರಂಧ್ರದ ಒಳಯಂಚನ್ನು ತಿದ್ದಿಕೊಟ್ಟರು.

ಪ್ರದರ್ಶನದಲ್ಲಿ ಅಧ್ಯಾಪಕರೊಬ್ಬರು ಯಂತ್ರವನ್ನು ಚಾಲೂ ಮಾಡುವ ಮೊದಲು ಅದರ ಬೆನ್ನ ಮೇಲೆ ಕೈಯಾಡಿಸಿ, ಪೆಟ್ಟಿಗೆಯನ್ನು ಎಲ್ಲಿ ಕೊಂಡದ್ದೆಂದು ಕೇಳಿದರು.

“ಕೊಂಡದ್ದಲ್ರಿ ಸರ್. ನಮ್ಮಪ್ಪ ಗ್ಯಾರೇಜಿನ್ಯಾಗ ಪೇಂಟರ್ ಇದ್ದಾರ್ರಿ. ಉಜ್ಜಿದ್ದಷ್ಟ ನಾನು” ಎಂದ ಹುಡುಗ.

ತಂದೆ ಅಂದು ಬಂದಿರಲಿಲ್ಲ. ಲಾರಿಯೊಂದರ ಬಾಗಿಲಿಗೆ ಎರಡನೆಯ ಕೈ ಬಣ್ಣ ಬಾಕಿಯಿತ್ತು.