ತನ್ನನ್ನು ತಾನು ಎಣಿಸುವ ಬಗೆ

ಪರರ ವಿಷಯವಾಗಿ ಅಭಿಪ್ರಾಯವನ್ನು ಹೇಳುವುದು ಮನುಷ್ಯನಿಗೆ ಸುಲಭ; ತನ್ನ ವಿಷಯಕ್ಕೆ ಬಂದಾಗ ನಾಲಗೆ ತಡವರಿಸುತ್ತದೆ. ಈ ಸಂಕೋಚಕ್ಕೆ ಇಂಗ್ಲಿಷ್ ಭಾಷೆಯು ಒಂದು ಉಪಾಯವನ್ನು ಮಾಡಿದೆ. ‘ಐ ಆಮ್ ಲಕಿ’ ಎಂದರೆ ಮಾತು ನೇರವಾಯಿತು. ‘ಐ ಕನ್ಸಿಡರ್ ಮೈಸೆಲ್ಫ್ ಲಕಿ’ ಎಂದರೆ ಹೇಳುವವನು ಇಬ್ಬರಾಗುತ್ತಾನೆ: ಎಣಿಸುವವನೊಬ್ಬ, ಎಣಿಕೆಗೆ ಸಿಕ್ಕಿದವನೊಬ್ಬ. ನ್ಯಾಯಾಧಿಪತಿಯೇ ಇಳಿದು ಬಂದು ಕಟಕಟೆಯಲ್ಲಿ ನಿಂತಂತೆ, ಕರ್ತೃವೂ ಅವನೇ, ಕರ್ಮವೂ ಅವನೇ.

ಇಂತಹ ಕ್ರಿಯಾಪದಗಳೆಲ್ಲವೂ ಒಂದೇ ಹಾದಿಯಲ್ಲಿ ನಡೆಯುವುದಿಲ್ಲ. ‘ಕನ್ಸಿಡರ್’, ‘ಕೌಂಟ್’ ಎಂಬುವು ವಿಶೇಷಣವನ್ನು ಸಲೀಸಾಗಿ ಸೇರಿಸಿಕೊಳ್ಳುತ್ತವೆ. ‘ಬಿಲೀವ್’ ಎಂಬುದಕ್ಕೆ ಸಾಮಾನ್ಯವಾಗಿ ‘ಟು ಬಿ’ ಎಂಬ ಊರುಗೋಲು ಬೇಕು. ‘ಥಿಂಕ್ ಮೈಸೆಲ್ಫ್’ ಎಂಬುದು ಹಳೆಯ ಗದ್ಯದಲ್ಲಿ ಸಹಜವಾಗಿದ್ದರೂ ಈಗ ಅಪರೂಪ. ಕನ್ನಡಿಗ ವಿದ್ಯಾರ್ಥಿಯು ಎಡವುವ ಸ್ಥಳ ಬೇರೆಯಿದೆ. ‘ಹಿ ಎಕ್ಸ್‌ಪೆಕ್ಟ್ಸ್ ಟು ವಿನ್’ ಎಂಬಲ್ಲಿ ‘ಹಿಮ್‌ಸೆಲ್ಫ್’ ಬೇಡ. ಅದೇ ಅಚ್ಚಿನಲ್ಲಿ ‘ಹಿ ಬಿಲೀವ್ಸ್ ಟು ಬಿ ರೈಟ್’ ಎಂದು ಬರೆದರೆ ತಪ್ಪು, ಅಲ್ಲಿ ‘ಹಿಮ್‌ಸೆಲ್ಫ್’ ಬರಲೇಬೇಕು. ನಿರೀಕ್ಷೆಯಲ್ಲಿ ತನ್ನನ್ನು ಮರೆಯಬಹುದು, ನಂಬಿಕೆಯಲ್ಲಿ ಮರೆಯಕೂಡದು ಎಂದು ಆ ಭಾಷೆಯ ತೀರ್ಪೋ ಏನೋ!

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಹಿಮ್’ ಎಂಬ ಒಂದೇ ಪದವು ಪರನನ್ನೂ ತನ್ನನ್ನೂ ಸೂಚಿಸಬಹುದಾಗಿತ್ತು. ‘ಸೆಲ್ಫ್’ ಎಂಬುದು ಒತ್ತಿ ಹೇಳುವುದಕ್ಕೆ ಬರುತ್ತಿದ್ದ ಪದ. ಕಾಲಕ್ರಮದಲ್ಲಿ ಆ ಒತ್ತೇ ನಿಯಮವಾಯಿತು. ಕನ್ನಡಕ್ಕಾದರೋ ‘ತಾನು’ ಎಂಬುದು ಹಳಗನ್ನಡದ ಕಾಲದಿಂದಲೂ ಇರುವ ಆಸ್ತಿ.

ವ್ಯಾಕರಣದ ನಿಯಮಗಳಿಗಿಂತ ಸೂಕ್ಷ್ಮವಾದದ್ದು ಪುರುಷಭೇದದಿಂದ ಬರುವ ಅರ್ಥಭೇದ. ಉತ್ತಮಪುರುಷದಲ್ಲಿ ವಿನಯವಾಗಿದ್ದ ಮಾತು ಪ್ರಥಮಪುರುಷದಲ್ಲಿ ಕುಹಕವಾಗಬಲ್ಲದು. ‘ಹಿ ಕನ್ಸಿಡರ್ಸ್ ಹಿಮ್‌ಸೆಲ್ಫ್ ಎ ಪೊಯೆಟ್’ ಎಂದವನು ಆ ಕವಿತ್ವಕ್ಕೆ ತನ್ನ ಸಾಕ್ಷ್ಯವನ್ನು ಕೊಟ್ಟಿಲ್ಲ. ಬಹುಮಟ್ಟಿಗೆ ಅದನ್ನು ಹಿಂದೆಗೆದುಕೊಂಡಿದ್ದಾನೆ. ‘ಹಿ ಫ್ಯಾನ್ಸೀಸ್ ಹಿಮ್‌ಸೆಲ್ಫ್’ ಎಂಬಲ್ಲಿಯಂತೂ ವಿಶೇಷಣದ ಹಂಗೂ ಇಲ್ಲ, ಜಂಭವು ತಾನಾಗಿಯೇ ತಿಳಿಯುತ್ತದೆ. ಕನ್ನಡದ ‘ಅವನು ತನ್ನನ್ನು ದೊಡ್ಡ ಕವಿಯೆಂದು ತಿಳಿದುಕೊಂಡಿದ್ದಾನೆ’ ಎಂಬ ವಾಕ್ಯದಲ್ಲಿಯೂ ಈ ಚುಚ್ಚು ಉಂಟು. ‘ಕೊಂಡಿದ್ದಾನೆ’ ಎಂಬುದೇ ಅದರ ಮೊನೆ. ಆದರೆ ಉತ್ತಮಪುರುಷದ ವಿನಯಕ್ಕೆ ಕನ್ನಡವು ಮನುಷ್ಯನನ್ನು ಎರಡಾಗಿ ಸೀಳಬೇಕಾಗಿಲ್ಲ. ‘ಧನ್ಯನಾದೆ’ ಎಂಬ ಒಂದು ಮಾತು ಸಾಕು. ‘ನನ್ನನ್ನು ನಾನು ಧನ್ಯನೆಂದು ಪರಿಗಣಿಸುತ್ತೇನೆ’ ಎಂದು ಸಭೆಗಳಲ್ಲಿ ಕೇಳಿಬರುವುದು ಕನ್ನಡದ ಅಕ್ಷರಗಳಲ್ಲಿರುವ ಇಂಗ್ಲಿಷ್.

ಈ ಭೇದವನ್ನರಿಯದ ಸಜ್ಜನರೊಬ್ಬರು ಪರಿಚಿತ ಯುವಕನ ಪರವಾಗಿ ಇಂಗ್ಲಿಷಿನಲ್ಲಿ ಶಿಫಾರಸು ಬರೆಯುತ್ತಾರೆನ್ನೋಣ. ‘ಹಿ ಕನ್ಸಿಡರ್ಸ್ ಹಿಮ್‌ಸೆಲ್ಫ್ ಫಿಟ್ ಫಾರ್ ದಿ ಪೋಸ್ಟ್’ ಎಂದು ಬರೆದು, ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ಲಕೋಟೆಯನ್ನು ಅಂಟಿಸುತ್ತಾರೆ. ಅತ್ತ ಓದುವ ಅಧಿಕಾರಿಗೆ, ಹುಡುಗನು ಯೋಗ್ಯನೆಂಬುದು ಹುಡುಗನ ಮತ, ಬರೆದವರದಲ್ಲ ಎಂದು ತೋರುತ್ತದೆ. ಹುಡುಗನ ಕೆಲಸಕ್ಕೆ ಅಲ್ಲಿಯೇ ಕುತ್ತು. ‘ಐ ಕನ್ಸಿಡರ್ ಹಿಮ್ ಫಿಟ್’ ಎಂದು ಬರೆದಿದ್ದರೆ ಹೊಣೆಯು ಬರೆದವರ ಹೆಗಲಿಗೆ ಬರುತ್ತಿತ್ತು.